ಇಪ್ಪತ್ತೇಳು ಡಬ್ಬಿಗಳ ಲೆಕ್ಕ

ಹೋದ ದೀಪಾವಳಿ ಕಳೆದ ಮೇಲೆ ಅಮ್ಮ ಊರಿಂದ ಬಂದಿದ್ದಳು. ಬಂದ ದಿನವೇ ಅವಳನ್ನು ಬಾಲ್ಕನಿಗೆ ಕರೆದುಕೊಂಡು ಹೋದೆ. ಮೂರನೇ ಮಹಡಿಯ, ನಾಲ್ಕಡಿ ಅಗಲದ ಬಾಲ್ಕನಿಯಲ್ಲಿ ನನ್ನ ತೋಟ. ಒಂದೇ ಒಂದು ಕುಂಡವನ್ನೂ ದುಡ್ಡು ಕೊಟ್ಟು ತಂದಿಲ್ಲ ಅನ್ನೋದು ನನ್ನ ಹೆಮ್ಮೆ. ಐದು ಲೀಟರಿನ ಎಣ್ಣೆ ಕ್ಯಾನನ್ನು ಅಡ್ಡಕ್ಕೆ ಕತ್ತರಿಸಿ ಪುದೀನ, ಹಣ್ಣಿನಂಗಡಿಯವರು ಬಿಸಾಕಿದ್ದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಪಾಲಕ್, ಹಿಡಿ ಮುರಿದ ಬಕೆಟ್ಟಿನಲ್ಲಿ ಟೊಮೆಟೊ. ಮತ್ತೆ ಗೋಡೆಯುದ್ದಕ್ಕೂ ಸಾಲಾಗಿ, ಹೋಟೆಲಿನಿಂದ ಊಟ ತರಿಸಿದಾಗ ಬರುವ ಕಪ್ಪು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಮೆಂತ್ಯ.

ಅಮ್ಮ ಎಲ್ಲ ನೋಡಿದಳು. ಮೆಂತ್ಯದ ಒಂದೆಲೆ ಚಿವುಟಿ ಮೂಸಿದಳು. ಆಮೇಲೆ ಡಬ್ಬಿಗಳನ್ನು ಎಣಿಸಿದಳು.

"ಇಪ್ಪತ್ತೇಳು. ಇಷ್ಟೂ ಊಟ ನೀನೇ ತಿಂದಿದ್ದಾ?"

ಅವಳು ಚುಚ್ಚೋಕೆ ಹೇಳಿದ್ದಲ್ಲ. ಮಗ ಸರಿಯಾಗಿ ಅಡುಗೆ ಮಾಡ್ಕೊಂಡು ಉಣ್ಣಲ್ವಲ್ಲ ಅನ್ನೋ ಸಂಕಟ, ಅಷ್ಟೇ. ಆದರೆ ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

2020ರ ಲಾಕ್‌ಡೌನಿನಲ್ಲಿ ಎಲ್ಲರ ಹಾಗೆ ನಾನೂ ಶುರು ಮಾಡಿದ್ದು. ಅಡುಗೆಮನೆಯ ಡಬ್ಬದಿಂದ ಒಂದು ಹಿಡಿ ಮೆಂತ್ಯ ತೆಗೆದು, ರಾತ್ರಿಯಿಡೀ ನೆನೆಸಿ, ಎರಡು ಮೂರು ಇಂಚು ಮಣ್ಣಿನ ಮೇಲೆ ಚೆಲ್ಲಿದರೆ ನಾಲ್ಕೇ ದಿನಕ್ಕೆ ಮೊಳಕೆ. ಇಪ್ಪತ್ತೈದು ದಿನಕ್ಕೆ ಒಂದು ಹೊತ್ತಿನ ಪಲ್ಯ. ಡಬ್ಬಿಯ ತಳಕ್ಕೆ ಕಾಯಿಸಿದ ಮೊಳೆಯಿಂದ ನಾಲ್ಕು ತೂತು, ನೀರು ಸೋರಿ ಕೆಳಗಿನ ಮನೆಯವರು ಜಗಳಕ್ಕೆ ಬಾರದ ಹಾಗೆ ಅದೇ ಡಬ್ಬಿಯ ಮುಚ್ಚಳವೇ ಅಡಿತಟ್ಟೆ. ಅಕ್ಕಿ ತೊಳೆದ ನೀರು, ಸೋಸಿದ ಟೀ ಪುಡಿ, ಯಾವುದೂ ದಂಡವಿಲ್ಲ. ಫೋಟೋ ತೆಗೆದು ಸ್ಟೇಟಸ್ ಹಾಕಿದೆ. ಆಫೀಸಿನಲ್ಲಿ ನಾಲ್ಕು ಜನ ಬಂದು ಹೇಗೆ ಅಂತ ಕೇಳಿದರು. ಮಿತವ್ಯಯದ ಬಗ್ಗೆ ಭಾಷಣ ಮಾಡುವಷ್ಟು ಬೆಳೆದುಬಿಟ್ಟೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಒಂದು ಶನಿವಾರ ಸಾಲಿನ ಕೊನೆಯಲ್ಲಿ ನಾಲ್ಕು ಡಬ್ಬಿಯಷ್ಟು ಜಾಗ ಖಾಲಿ ಕಾಣ್ತಿತ್ತು. ಮನೆಯಲ್ಲಿ ಅನ್ನ ಸಾರು ಇತ್ತು. ಆದರೂ ಫೋನ್ ತೆಗೆದು, ಅದೇ ಅಳತೆಯ ಕಪ್ಪು ಡಬ್ಬಿಯಲ್ಲಿ ಊಟ ಕಳಿಸುವ ಹೋಟೆಲನ್ನೇ ಹುಡುಕಿ ಆರ್ಡರ್ ಮಾಡಿದೆ. ಹಸಿವು ಊಟಕ್ಕಿರಲಿಲ್ಲ, ಡಬ್ಬಿಗಿತ್ತು. ಆ ಕ್ಷಣಕ್ಕೆ ಅದು ತಪ್ಪು ಅಂತ ಅನಿಸಲೇ ಇಲ್ಲ. 'ಹೇಗೂ ಡಬ್ಬಿ ಉಪಯೋಗಕ್ಕೆ ಬರುತ್ತಲ್ಲ' ಅಂತ ಸಮಾಧಾನವೇ ಆಯಿತು. ನನ್ನ ತೋಟ ನನ್ನ ಕೊಳ್ಳುವಿಕೆಯನ್ನು ಕಡಿಮೆ ಮಾಡಿರಲಿಲ್ಲ. ಅದಕ್ಕೊಂದು ಪರವಾನಗಿ ಕೊಟ್ಟಿತ್ತು.

ಹೊಸನಗರದ ಹತ್ತಿರದ ನಮ್ಮ ಮನೆಯ ಹಿತ್ತಲಲ್ಲೂ ಹೀಗೇ ಹಳೇ ಸಾಮಾನುಗಳಿದ್ದವು. ಆದರೆ ಅವು ಅಲ್ಲಿಗೆ ಬಂದ ದಾರಿಯೇ ಬೇರೆ. ಒಂದು ಪ್ಲಾಸ್ಟಿಕ್ ಕೊಡ ನೆನಪಿದೆ. ಕೆಲವು ವರ್ಷ ಬಾವಿಯಿಂದ ಮನೆಗೆ ನೀರು ಹೊತ್ತಿತು. ಅಡಿ ಸೀಳಿದಾಗ ಅಪ್ಪ ಟಾರು ಕಾಯಿಸಿ ಬಳಿದ. ಆಮೇಲೆ ಅದು ಕೊಟ್ಟಿಗೆಗೆ ಹೋಯಿತು, ದನಕ್ಕೆ ಕಲಗಚ್ಚು ಒಯ್ಯೋಕೆ. ಅಲ್ಲೂ ಸೋರತೊಡಗಿದ ಮೇಲೆ ಅಮ್ಮ ಅದರ ಕುತ್ತಿಗೆ ಕತ್ತರಿಸಿ ದೊಡ್ಡಪತ್ರೆಯ ಒಂದು ಕಡ್ಡಿ ಊರಿದಳು. ಸೀರೆಯೂ ಅಷ್ಟೇ. ಉಟ್ಟು, ಹರಿದು, ಹೊದಿಕೆಯಾಗಿ, ಒರೆಸುವ ಬಟ್ಟೆಯಾಗಿ, ಕೊನೆಗೆ ಉಳಿದ ಅಂಚು ಬಸಳೆ ಬಳ್ಳಿಯನ್ನು ಚಪ್ಪರಕ್ಕೆ ಕಟ್ಟೋಕೆ. ಬಚ್ಚಲ ನೀರು ಬಾಳೆಗೆ, ಕೆಸುವಿಗೆ. ಹಿತ್ತಲು ಅಂದರೆ ವಸ್ತುಗಳ ಮುಪ್ಪಿನ ಕಾಲದ ಜಾಗ. ನನ್ನ ಕಪ್ಪು ಡಬ್ಬಿಗೆ ಯೌವನವೇ ಇರಲಿಲ್ಲ. ಹೋಟೆಲಿಂದ ಮನೆಗೆ ಅರ್ಧ ಗಂಟೆ, ಊಟಕ್ಕೆ ಇನ್ನೊಂದು ಕಾಲು ಗಂಟೆ, ಅಲ್ಲಿಗೆ ಅದರ ಮೊದಲ ಬದುಕು ಮುಗಿಯಿತು.

ಇದನ್ನೆಲ್ಲ ಯೋಚಿಸಿ, ಸ್ವಲ್ಪ ಭಾವುಕನಾಗಿ, ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ: "ನಿಮ್ಮ ಕಾಲದವರ ಹಾಗೆ ಬದುಕೋಕೆ ನಮಗೆ ಬರಲ್ಲ ಬಿಡು."

ಅಮ್ಮ ನಕ್ಕಳು. "ಎಂತಾ ಬದುಕು ಮಾರಾಯ. ಕೈಯಲ್ಲಿ ದುಡ್ಡಿದ್ದಿದ್ರೆ ನಾನೂ ಪೇಟೆಯಿಂದ ಚೆಂದದ ಕುಂಡವೇ ತರ್ತಿದ್ದೆ. ಆ ಒಡಕಲು ಕೊಡ ನೋಡಿ ನೋಡಿ ನಂಗೆ ಸಾಕಾಗಿತ್ತು."

ನನ್ನ ಅರ್ಧ ವಾದ ಅಲ್ಲೇ ಬಿದ್ದುಹೋಯಿತು. ಇಲ್ಲದವರ ಅನಿವಾರ್ಯತೆಯನ್ನು ಗುಣ ಅಂತ ಹೊಗಳೋದು, ಇರುವವರಿಗೆ ಬಹಳ ಸುಲಭ. ನಾವು ಹಳ್ಳಿಯಿಂದ ಬಂದವರಂತೂ ಇದನ್ನು ಇನ್ನೂ ಸಲೀಸಾಗಿ ಮಾಡುತ್ತೇವೆ, ಹಿತ್ತಲಿನ ನೆನಪನ್ನು ಸರ್ಟಿಫಿಕೇಟಿನಂತೆ ತೋರಿಸುತ್ತೇವೆ. ಅಮ್ಮನಿಗೆ ಆಯ್ಕೆ ಇರಲಿಲ್ಲ. ಕೊಡವನ್ನು ಕೊನೆಯ ತನಕ ಬಳಸಿದ್ದಕ್ಕೆ ಅವಳು ಯಾವ ಪ್ರಶಸ್ತಿಯನ್ನೂ ಕೇಳುತ್ತಿಲ್ಲ. ಹಾಗೆ ನೋಡಿದರೆ, ಮಿತವ್ಯಯ ಅನ್ನೋದು ನೈತಿಕ ಪ್ರಶ್ನೆಯಾಗೋದೇ ಆಯ್ಕೆ ಇರುವವನಿಗೆ. ಅಂದರೆ ಅವಳಿಗಲ್ಲ, ನನಗೆ. ಇಲ್ಲಿ ಕೂತು ಈ ಪುಟ ಓದುತ್ತಿರುವ ನಿಮಗೆ.

ಹಾಗಾದರೆ ಡಬ್ಬಿಯನ್ನು ಕಸಕ್ಕೆ ಹಾಕಬೇಕಿತ್ತಾ? ಅಲ್ಲ. ಆದರೆ ಈ ಊರಿನ ಕಸ ಎಲ್ಲಿಗೆ ಹೋಗುತ್ತೆ ಅಂತಲೂ ನೆನಪಿಟ್ಟುಕೊಳ್ಳಬೇಕು. ಬೆಂಗಳೂರು ವರ್ಷಗಟ್ಟಲೆ ತನ್ನ ಕಸವನ್ನು ಮಾವಳ್ಳಿಪುರಕ್ಕೆ, ಮಂಡೂರಿಗೆ ಸುರಿಯಿತು. ಮಾವಳ್ಳಿಪುರದವರು ಎದ್ದು ನಿಂತು 2012ರಲ್ಲಿ ಅಲ್ಲಿ ಸುರಿಯೋದು ನಿಂತಿತು. 2014ರಲ್ಲಿ ಮಂಡೂರಿನವರು ಲಾರಿಗಳನ್ನು ತಡೆದರು. ನಾವು 'ಹೊರಗೆ ಎಸೆದೆ' ಅನ್ನುವ ಆ ಹೊರಗೆ, ಯಾರದೋ ಊರು. ಅವರ ಮನೆಗೂ ಒಂದು ಹಿತ್ತಲಿದೆ.

ಬಿಸಿಲಿಗೆ ಬಿದ್ದ ಇಂಥ ಪ್ಲಾಸ್ಟಿಕ್ ಹೆಚ್ಚು ದಿನ ತಡೆಯುವುದೂ ಇಲ್ಲ. ಆ ಬೇಸಿಗೆಯಲ್ಲೇ ನನ್ನ ಡಬ್ಬಿಗಳ ಅಂಚು ಬೆರಳಲ್ಲಿ ಒತ್ತಿದರೆ ಪಟಪಟ ಮುರಿಯತೊಡಗಿತು. ಚೂರುಗಳು ಮಣ್ಣಿಗೇ ಬಿದ್ದವು. ಆರಿಸಿ ತೆಗೆಯಬೇಕಾಯಿತು. ನಾನು ಕಸವನ್ನು ತಪ್ಪಿಸಿರಲಿಲ್ಲ, ಒಂದು ವರ್ಷ ಮುಂದೂಡಿದ್ದೆ. ಬಗ್ ಎಲ್ಲಿದೆ ಅಂತ ನೋಡದೆ ಪ್ಯಾಚ್ ಮೇಲೆ ಪ್ಯಾಚ್ ಹಾಕುವ ನಮ್ಮ ಆಫೀಸಿನ ಕೆಲಸದ ಹಾಗೆ.

ಹಾಗಾಗಿ ಈಗ ಯಾವುದೇ ಹಳೇ ಸಾಮಾನಿಗೆ ಮಣ್ಣು ತುಂಬುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ನಾನು ಏನನ್ನು ಕೊಳ್ಳೋದನ್ನು ತಪ್ಪಿಸಿತು? ಹಿಡಿ ಮುರಿದ ಬಕೆಟ್ ಒಂದು ಕುಂಡವನ್ನು ತಪ್ಪಿಸಿತು, ನಿಜ. ಟೊಮೆಟೊಗೆ ಬೇಕಾದ ಒಂದಡಿ ಆಳವೂ ಅದರಲ್ಲಿತ್ತು. ಆದರೆ ಇಪ್ಪತ್ತೇಳನೆಯ ಡಬ್ಬಿ ಏನನ್ನೂ ತಪ್ಪಿಸಲಿಲ್ಲ. ಅದಿಲ್ಲದಿದ್ದರೆ ನಾನು ಇಪ್ಪತ್ತೇಳನೆಯ ಕುಂಡ ತರುತ್ತಲೇ ಇರಲಿಲ್ಲ.

ಡಬ್ಬಿ ಮುರಿದರೆ ಈಗ ಅದರ ಜಾಗಕ್ಕೆ ಇನ್ನೊಂದು ಇಡುವುದಿಲ್ಲ. ಹೊರಗಿನ ಊಟ ಬೇಕಾದಾಗ ಸ್ಟೀಲ್ ಡಬ್ಬಿ ಹಿಡಿದುಕೊಂಡು ರಸ್ತೆ ಕೊನೆಯ ಹೋಟೆಲಿಗೆ ನಡೆದು ಹೋಗುತ್ತೇನೆ. ಮೊದಲ ದಿನ ಕ್ಯಾಶಿನಲ್ಲಿದ್ದವರು ವಿಚಿತ್ರವಾಗಿ ನೋಡಿದರು. ಈಗ ಡಬ್ಬಿ ಕಂಡರೆ ಸಾಂಬಾರು ಒಂದು ಸೌಟು ಜಾಸ್ತಿ ಹಾಕ್ತಾರೆ. ಪ್ರತಿ ಸಲ ಹೋಗುತ್ತೇನೆ ಅಂದರೆ ಸುಳ್ಳು. ಮಳೆ ಬಂದರೆ, ಕೆಲಸ ರಾತ್ರಿ ಹತ್ತಾದರೆ, ಕೈ ತಾನಾಗಿ ಫೋನಿಗೇ ಹೋಗುತ್ತೆ.

ಅಮ್ಮ ಊರಿಗೆ ಹೊರಡುವ ಮುಂಚೆ ಪುದೀನದ ನಾಲ್ಕು ಕಡ್ಡಿ ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡಳು. ನಾನು ಒಂದು ಕೆಲಸ ಮಾಡಿದೆ. ಅವಳ ಜೊತೆ ಮಡಿವಾಳಕ್ಕೆ ಹೋಗಿ ದೊಡ್ಡದೊಂದು ಮಣ್ಣಿನ ಕುಂಡ ಕೊಂಡು, ಬಸ್ಸಿನಲ್ಲಿ ಒಡೆಯದ ಹಾಗೆ ಹಳೇ ಬೆಡ್‌ಶೀಟಿನಲ್ಲಿ ಕಟ್ಟಿಕೊಟ್ಟೆ. "ಇದೆಂತಕ್ಕೆ ದುಡ್ಡು ದಂಡ?" ಅಂದಳು. ಆದರೆ ಬೇಡ ಅನ್ನಲಿಲ್ಲ.

ವಾರಕ್ಕೊಮ್ಮೆ ಫೋನಿನಲ್ಲಿ ಈಗಲೂ ಕೇಳುತ್ತಾಳೆ, "ಡಬ್ಬಿ ಎಷ್ಟಾಯ್ತು?" ಹೋದ ವಾರ ಹತ್ತೊಂಬತ್ತು ಅಂದೆ.