ನೀರು ಬಿಚ್ಚಿಕೊಳ್ಳುವ ಹೊತ್ತು

ಕ್ಷಾರಜಲದಲ್ಲಿ ಮುಳುಗಿದ ನಿಕಲ್ ತಗಡಿನ ಒರಟು ಮೈಮೇಲೆ ಮೊದಲಿಗೆ ಏನೂ ಕಾಣುವುದಿಲ್ಲ. ವಿದ್ಯುತ್ತು ಹರಿಯತೊಡಗಿ ನಮ್ಮ ಕಣ್ಣು ಆ ಕ್ಷಾರಜಲದ ತಿಳಿಗೆ ಹೊಂದಿಕೊಳ್ಳುವಷ್ಟರಲ್ಲಿ, ತಗಡಿನ ಕಣ್ಣಿಗೆ ಕಾಣದ ಕುಳಿಗಳಿಂದ ರಾಗಿಕಾಳಿಗಿಂತ ಕಿರಿದಾದ ಬೆಳ್ಳಿಯ ಬಿಂದುಗಳು ಮೂಡುತ್ತವೆ. ಹುಟ್ಟಿದಲ್ಲೇ ಒಂದಿಷ್ಟು ಹೊತ್ತು ಅಂಟಿಕೊಂಡು, ಪಕ್ಕದವನ್ನು ತಮ್ಮೊಳಗೆ ಸೇರಿಸಿಕೊಂಡು ಉಬ್ಬಿ, ಇನ್ನು ತಡೆಯಲಾರೆವು ಎಂಬಂತೆ ಕಳಚಿ ಮೇಲೇರುತ್ತವೆ. ಎದುರಿನ ತಗಡಿನಲ್ಲಿಯೂ ಗುಳ್ಳೆಗಳೇಳುತ್ತವೆ, ಆದರೆ ಅಲ್ಲಿ ಕೂಡುವ ಅನಿಲ ಇಲ್ಲಿಯದರ ಅರ್ಧ. ಈ ಕಡೆ ಎರಡು ಪಾಲು ಜಲಜನಕ, ಆ ಕಡೆ ಒಂದು ಪಾಲು ಆಮ್ಲಜನಕ. ಎಲ್ಲಿಯೂ ಬಿರುಕಿನ ಸದ್ದಿಲ್ಲ, ಹೊಗೆಯಿಲ್ಲ. ಒಂದು ವಸ್ತು ಎರಡಾಗುತ್ತಿರುವುದಕ್ಕೆ ಸಾಕ್ಷಿಯೆಂದರೆ ಈ ನಸುಹಾಲಿನಂಥ ಮಬ್ಬು ಮತ್ತು ಕಿವಿಗೊಟ್ಟರೆ ಮಾತ್ರ ಕೇಳುವ ಸಣ್ಣ ಸಿಮಿಸಿಮಿ.

ಇಷ್ಟು ಮೆಲ್ಲಗೆ ಬಿಡಿಸಿಕೊಳ್ಳುವ ನೀರು ಬೆಂಕಿಯ ಬಲಕ್ಕೆ ಸುಲಭವಾಗಿ ಬಗ್ಗುವುದಲ್ಲ. ಬರಿಯ ಕಾವಿನಿಂದಲೇ ಅದನ್ನು ಒಡೆಯಹೊರಟರೆ ಎರಡು ಸಾವಿರ ಡಿಗ್ರಿ ದಾಟಿದರೂ ಅದು ಒಡೆಯುವುದು ಅರೆಮನಸ್ಸಿನಿಂದ, ಅಲ್ಲಿಷ್ಟು ಇಲ್ಲಿಷ್ಟು. ವಿದ್ಯುತ್ತಿನ ಹಾದಿಯಲ್ಲಿ ಹೋದರೆ ತಾತ್ವಿಕವಾಗಿ ಬೇಕಾದದ್ದು 1.23 ವೋಲ್ಟ್, ಟಾರ್ಚಿಗೆ ಹಾಕುವ ಸಾಮಾನ್ಯ ಸೆಲ್ಲಿನಲ್ಲಿರುವುದು ಅದಕ್ಕಿಂತ ಹೆಚ್ಚು. ನಿಜದ ತೊಟ್ಟಿಗಳಲ್ಲಿ ಎರಡು ವೋಲ್ಟಿನ ಹತ್ತಿರಕ್ಕೆ ಹೋಗಬೇಕಾಗುತ್ತದೆ, ಮಿಕ್ಕಿದ್ದು ಬಿಸಿಯಾಗಿ ಸೋರಿಹೋಗುತ್ತದೆ, ಅದಿರಲಿ. ಸಮುದ್ರಗಳನ್ನೆಲ್ಲ ಸಮುದ್ರಗಳಾಗಿ ಹಿಡಿದಿಟ್ಟಿರುವ ಆ ಗಂಟು ಇಷ್ಟು ಸಣ್ಣ ಒತ್ತಾಯಕ್ಕೆ ಸಡಿಲವಾಗುತ್ತದೆಂದರೆ, ಬಲಕ್ಕೂ ಬಗೆಗೂ ಇರುವ ಅಂತರವನ್ನು ನೆನೆದು ಮನಸ್ಸು ಒಂದು ಗಳಿಗೆ ಸುಮ್ಮನಾಗುತ್ತದೆ.

ಮೇಲೇರುವ ಆ ಗುಳ್ಳೆಯೊಳಗೆ ಇರುವುದಾದರೂ ಏನು? ಸುಮಾರು 1380 ಕೋಟಿ ವರ್ಷಗಳ ಹಿಂದೆ, ವಿಶ್ವ ತೊಡಗಿದ ಮೊದಲ ಕೆಲವು ನಿಮಿಷಗಳೊಳಗೇ ರೂಪುಗೊಂಡ ಜಲಜನಕದ ಬೀಜಕಣಗಳು. ನಕ್ಷತ್ರಗಳಿಗಿಂತ ಹಳೆಯವು, ಬೆಳಕಿಗೆ ದಾರಿ ತೆರೆಯುವ ಮುನ್ನವೇ ಇದ್ದವು. ಅದರ ಜತೆಗಾರ ಆಮ್ಲಜನಕ ಬಹಳ ತಡವಾಗಿ ಬಂದದ್ದು, ಯಾವ ಯಾವುದೋ ನಕ್ಷತ್ರಗಳ ಒಡಲಲ್ಲಿ ಬೆಂದು, ಅವು ಸಿಡಿದಾಗ ಚೆಲ್ಲಿದ್ದು. ಇಂಥ ಹಿರಿಯನೂ ಇಂಥ ಕಿರಿಯನೂ ಕೂಡಿ, ಮೋಡವಾಗಿ, ಹಳ್ಳವಾಗಿ, ಯಾರದೋ ಕಣ್ಣೀರಾಗಿ, ಎಷ್ಟೋ ಬೇರುಗಳಲ್ಲಿ ಏರಿ ಎಷ್ಟೋ ಎಲೆಗಳಿಂದ ಆರಿ, ಈಗ ಈ ತೊಟ್ಟಿಯಲ್ಲಿ ಒಬ್ಬರ ಕೈಯನ್ನೊಬ್ಬರು ಬಿಡುತ್ತಿದ್ದಾರೆ. ತಗಡಿನ ಮುಂದೆ ನಿಂತವರಿಗೆ ಕಾಣುವುದು ಗುಳ್ಳೆ ಮಾತ್ರ.

ನೀರು ಹೀಗೆ ಎರಡಾಗುವುದನ್ನು ಮೊದಲು ಸರಿಯಾಗಿ ಗಮನಿಸಿದವರು ಹುಡುಕುತ್ತಿದ್ದದ್ದು ಅದನ್ನಲ್ಲ. 1800ರ ಬೇಸಿಗೆಯ ಹೊಸ್ತಿಲಲ್ಲಿ, ಇಟಲಿಯ ವೋಲ್ಟಾ ಬರೆದು ಕಳಿಸಿದ್ದ ಹೊಸ ವಿದ್ಯುತ್ ಬ್ಯಾಟರಿಯ ಸುದ್ದಿ ತಿಳಿದು, ಲಂಡನ್ನಿನಲ್ಲಿ ವಿಲಿಯಂ ನಿಕಲ್ಸನ್ ಮತ್ತು ಶಸ್ತ್ರವೈದ್ಯ ಆಂಥೋನಿ ಕಾರ್ಲೈಲ್ ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಕೂತಿದ್ದರು. ತಂತಿ ಚೆನ್ನಾಗಿ ತಾಕಲಿ ಎಂದು ಮೇಲಿನ ಬಿಲ್ಲೆಯ ಮೇಲೆ ಒಂದು ಹನಿ ನೀರಿಟ್ಟರಂತೆ. ಆ ಹನಿಯೊಳಗೆ ಗುಳ್ಳೆಗಳೆದ್ದವು. ಆಮೇಲೆ ಗಾಜಿನ ಕೊಳವೆಯಲ್ಲಿ ನೀರು ತುಂಬಿ ಎರಡು ತಂತಿಗಳನ್ನು ಇಳಿಬಿಟ್ಟು ನೋಡಿದರು. ಹದಿನಾರು ಹದಿನೇಳು ವರ್ಷದ ಹಿಂದಷ್ಟೇ ರಸಾಯನಜ್ಞರಾದ ಕ್ಯಾವೆಂಡಿಷ್ ಮತ್ತು ಲವಾಸಿಯೆ ಎರಡು ಅನಿಲಗಳನ್ನು ಉರಿಸಿ ನೀರು ಮಾಡಿ ತೋರಿಸಿದ್ದರು. ಈಗ ನೀರು ತಾನೇ ಆ ಹಾದಿಯಲ್ಲಿ ಹಿಂದಕ್ಕೆ ನಡೆಯುತ್ತಿತ್ತು. ಸಾವಿರಾರು ವರ್ಷ ಪಂಚಭೂತಗಳಲ್ಲಿ ಒಂದೆಂದು ಕೈಮುಗಿಸಿಕೊಂಡ ನೀರು ಆ ಕೊಳವೆಯಲ್ಲಿ ಎರಡಾದಾಗ ಅದರ ಹಿರಿಮೆ ಒಂದಿಷ್ಟಾದರೂ ತಗ್ಗಿತೇ? ನನಗೇನೋ ಹೆಚ್ಚಿತೆಂದೇ ಅನ್ನಿಸುತ್ತದೆ.

ಆದರೆ ಈ ಕತೆಯಲ್ಲಿ ನನ್ನ ಮನಸ್ಸು ಹೋಗಿ ಹೋಗಿ ನಿಲ್ಲುವುದು ಡೆನ್ಮಾರ್ಕಿನ ಆಸ್ಕೋವ್ ಎಂಬ ಹಳ್ಳಿಯಲ್ಲಿ. ಜಟ್‌ಲೆಂಡಿನ ಸಪಾಟು ನೆಲ, ತಡೆಯಲು ಬೆಟ್ಟವಿಲ್ಲದ್ದರಿಂದ ಹಗಲಿರುಳೂ ಅಲೆಯುವ ಸಮುದ್ರದ ಗಾಳಿ, ಚಳಿಗಾಲದಲ್ಲಿ ಮಧ್ಯಾಹ್ನ ಮುಗಿಯುವ ಮೊದಲೇ ಇಳಿದುಬರುವ ಕತ್ತಲು. ಅಲ್ಲಿ ರೈತಾಪಿ ಮನೆಗಳ ತರುಣ ತರುಣಿಯರಿಗಾಗಿ ನಡೆಯುತ್ತಿದ್ದ ಶಾಲೆಯೊಂದರಲ್ಲಿ ಪೌಲ್ ಲಾ ಕೂರ್ ಎಂಬ ಮೇಷ್ಟ್ರಿದ್ದರು. ಮೊದಲು ಹವಾಮಾನ ಶಾಸ್ತ್ರಜ್ಞರಾಗಿದ್ದವರು, ಗಾಳಿಯ ಗುಣ ಬಲ್ಲವರು. 1891ರಲ್ಲಿ ಸರ್ಕಾರದ ನೆರವಿನಿಂದ ಅವರು ಶಾಲೆಯ ಬಳಿ ಒಂದು ಗಾಳಿಯಂತ್ರ ನಿಲ್ಲಿಸಿ ಅದರಿಂದ ವಿದ್ಯುತ್ತು ತೆಗೆದರು. ಬೀಸಿದಾಗ ಬೇಕಾದಷ್ಟು, ನಿಂತಾಗ ಸೊನ್ನೆ. ಗಾಳಿಯನ್ನು ನಂಬಿದ ಯಾರಿಗಾದರೂ ಎದುರಾಗುವ ಕಷ್ಟ ಅವರಿಗೂ ಎದುರಾಯಿತು. ಬೀಸಿಹೋದ ಗಾಳಿಯನ್ನು ಇರಿಸಿಕೊಳ್ಳುವುದೆಲ್ಲಿ? ಅವರು ಆ ವಿದ್ಯುತ್ತನ್ನು ನೀರಿಗೆ ಹಾಯಿಸಿದರು, ಎದ್ದ ಜಲಜನಕವನ್ನು ಹಿಡಿದಿಟ್ಟರು, ಅದರಿಂದ ದೀಪ ಹಚ್ಚಿದರು. 1895ರಿಂದ 1902ರವರೆಗೆ ಆ ಶಾಲೆ ಬೆಳಗಿದ್ದು ಹೀಗೆ.

ಆ ಕೋಣೆಗಳನ್ನು ನಾನು ಮತ್ತೆ ಮತ್ತೆ ಕಲ್ಪಿಸಿಕೊಳ್ಳುತ್ತೇನೆ. ಹೊರಗೆ ಗಾಳಿ ಸತ್ತುಹೋಗಿದೆ, ರೆಕ್ಕೆಗಳು ನಿಂತಿವೆ, ಹಿಮ ಬೀಳುತ್ತಿದೆಯೋ ಏನೋ. ಒಳಗೆ, ಮೊನ್ನೆ ಬೀಸಿದ ಗಾಳಿ ಇವತ್ತಿನ ಸಂಜೆ ಬೆಳಕಾಗಿ ಹಾಳೆಗಳ ಮೇಲೆ ಬಿದ್ದಿದೆ, ಆ ಬೆಳಕಿನಲ್ಲಿ ಒಕ್ಕಲು ಮಕ್ಕಳು ಅಕ್ಷರಗಳ ಮೇಲೆ ಬಾಗಿದ್ದಾರೆ. ಜಲಜನಕದ ಜ್ವಾಲೆಗೆ ತನ್ನದೆಂಬ ಬೆಳಕು ಹೆಚ್ಚಿಲ್ಲ, ಹಗಲಿನಲ್ಲಿ ಕಣ್ಣಿಗೇ ಕಾಣದು. ಇನ್ನೊಂದು ವಸ್ತುವನ್ನು ಬಿಳಿಯಾಗುವಂತೆ ಕಾಯಿಸಿ ಅದರ ಮೂಲಕವೇ ಅದು ಬೆಳಗಬೇಕು. ಉರಿದು ಉಳಿಯುವುದೋ, ಮತ್ತೆ ನೀರು. ದೀಪದ ಬಾಯಿಂದೆದ್ದು ಕಾಣದೆ ಕೋಣೆಯಲ್ಲೆಲ್ಲ ಹರಡಿ, ತಣ್ಣನೆಯ ಕಿಟಕಿಗಾಜು ಸಿಕ್ಕರೆ ಅದರ ಮೇಲೆ ಹನಿಗಟ್ಟುವ ನೀರು. ಅಂದಹಾಗೆ ಎಲ್ಲವೂ ಇಷ್ಟೇ ಕಾವ್ಯಮಯವಾಗಿರಲಿಲ್ಲ. ಜಲಜನಕದೊಳಕ್ಕೆ ಒಂದಿಷ್ಟು ಆಮ್ಲಜನಕ ನುಸುಳಿ, ಸಿಡಿದು, ಕಿಟಕಿಗಾಜುಗಳು ಪುಡಿಯಾಗಿ ಹೊಸವನ್ನು ಹಾಕಿಸಬೇಕಾದ ಸಂದರ್ಭಗಳೂ ಇದ್ದವು. ಬೇರ್ಪಟ್ಟವು ಮತ್ತೆ ಕೂಡಲು ಎಷ್ಟು ಹಾತೊರೆಯುತ್ತವೆಂಬುದು ಮೇಷ್ಟ್ರಿಗೆ ಪುಸ್ತಕದಿಂದಲೇ ತಿಳಿಯಬೇಕಾಗಿರಲಿಲ್ಲ.

ಈಗ ಇದೇ ಕೆಲಸಕ್ಕೆ ಹಸಿರು ಜಲಜನಕವೆಂಬ ಹೆಸರು ಬಂದಿದೆ, ಘೋಷಣೆಗಳು ಬಂದಿವೆ. ಜಗತ್ತಿನಲ್ಲಿ ಇಂದಿಗೂ ಹೆಚ್ಚಿನ ಜಲಜನಕ ತಯಾರಾಗುವುದು ನೆಲದಾಳದ ಅನಿಲ ಮತ್ತು ಕಲ್ಲಿದ್ದಲಿನಿಂದ, ಹಿಂದೆಯೇ ಇಂಗಾಲದ ಹೊಗೆಯನ್ನು ಬಿಟ್ಟುಕೊಂಡು. ನೀರಿನಿಂದ ತೆಗೆಯಬೇಕಾದರೆ ಒಂದು ಕಿಲೋಗೆ ಒಂಬತ್ತು ಲೀಟರ್ ನೀರು ಬಿಚ್ಚಿಕೊಳ್ಳಬೇಕು, ಐವತ್ತು ಯೂನಿಟ್ಟಿಗೂ ಮೀರಿ ವಿದ್ಯುತ್ತು ಸುರಿಯಬೇಕು. ಆ ವಿದ್ಯುತ್ತು ಸೂರ್ಯನದೋ ಗಾಳಿಯದೋ ಆಗಿದ್ದರೆ ಮಾತ್ರ ಹಸಿರೆಂಬ ಹೆಸರಿಗೆ ಅರ್ಥ. ಅಷ್ಟು ಮಾಡಿ ಪಡೆದ ಆ ಒಂದು ಕಿಲೋ, ಒತ್ತಿ ಹಿಡಿಯದೆ ಹಾಗೇ ಬಿಟ್ಟರೆ ಒಂದು ಪುಟ್ಟ ಕೋಣೆಯನ್ನೇ ತುಂಬುತ್ತದೆ, ಸಂದು ಸಿಕ್ಕರೆ ಆಕಾಶದ ಕಡೆಗೆ ಹೊರಟುಬಿಡುತ್ತದೆ. ಭವಿಷ್ಯದ ಇಂಧನವೆಂದು ಡಂಗುರ ಹೊಡೆಯುವವರ ಗದ್ದಲದಲ್ಲಿ ಈ ಅನಿಲದ ನಾಚಿಕೆಯ ಸ್ವಭಾವ ಮರೆತೇಹೋಗುತ್ತದೆ ಎಂಬುದೊಂದು ನನ್ನ ದೂರು.

ನೀರನ್ನು ಬಿಡಿಸುವುದನ್ನು ನಮಗಿಂತ ಬಹಳ ಮೊದಲು ಕಲಿತದ್ದು ಹಸಿರು. ಬೆಳಗಿನ ಬಿಸಿಲು ತಾಕಿದ ಯಾವುದೇ ಎಲೆಯೊಳಗೆ, ನಾಲ್ಕು ಮ್ಯಾಂಗನೀಸ್ ಮತ್ತು ಒಂದು ಕ್ಯಾಲ್ಸಿಯಂ ಪರಮಾಣುಗಳ ಪುಟ್ಟ ಗೊಂಚಲೊಂದು, ಬೆಳಕಿನ ನಾಲ್ಕು ತಟ್ಟುಗಳನ್ನು ಒಂದೊಂದಾಗಿ ಕಾದು ಕೂಡಿಸಿಕೊಂಡು, ನೀರನ್ನು ಬಿಡಿಸುತ್ತದೆ. ಯಾವ ಕ್ಷಾರವೂ ಇಲ್ಲ, ಕಾವೂ ಇಲ್ಲ, ಹೊಲದ ಬದುವಿನಲ್ಲಿ ನಿಂತ ಹಾಗೆಯೇ. ಎಲೆ ಜಲಜನಕವನ್ನು ಅನಿಲವಾಗಲು ಬಿಡದೆ ಇಂಗಾಲಕ್ಕೆ ಹೆಣೆದು ಸಕ್ಕರೆ ಮಾಡಿಕೊಳ್ಳುತ್ತದೆ, ಆಮ್ಲಜನಕವನ್ನು ಬೇಡವೆಂದು ಬಿಟ್ಟುಬಿಡುತ್ತದೆ. ಹೀಗೆ ಹೊರಬೀಳುವ ಆಮ್ಲಜನಕ ನೀರಿನದೇ ಎಂದು 1941ರಲ್ಲಿ ಸ್ಯಾಮ್ ರೂಬೆನ್, ಮಾರ್ಟಿನ್ ಕಾಮೆನ್ ಮತ್ತು ಸಂಗಡಿಗರು ಭಾರದ ಆಮ್ಲಜನಕದ ಗುರುತು ಹಾಕಿ ತೋರಿಸಿದರು. ಈ ಸಾಲನ್ನು ಓದುತ್ತ ನೀವು ಒಳಕ್ಕೆಳೆದುಕೊಂಡ ಉಸಿರು ಯಾವುದೋ ಕಾಲದಲ್ಲಿ, ಎಲ್ಲೋ, ಒಡೆದುಕೊಂಡ ನೀರು.

ಎಲೆಗಳೂ ಇಲ್ಲದಿದ್ದ ಕಾಲದಲ್ಲಿ ಸಮುದ್ರದ ಸೂಕ್ಷ್ಮಜೀವಿಗಳು ಹೀಗೆ ಬೇಡವೆಂದು ಬಿಟ್ಟ ಆಮ್ಲಜನಕ ನೀರಲ್ಲಿ ಕರಗಿದ್ದ ಕಬ್ಬಿಣವನ್ನು ಹಿಡಿಯಿತು, ತುಕ್ಕಾಗಿ ತಳಕ್ಕಿಳಿಯಿತು, ಪದರಪದರವಾಗಿ ಬಂಡೆಯಾಯಿತು. ನಮ್ಮ ಸಂಡೂರಿನ ಕೆಂಪು ಬೆಟ್ಟಗಳಲ್ಲಿ 250 ಕೋಟಿ ವರ್ಷಕ್ಕೂ ಹಿಂದಿನ ಅಂಥ ಪಟ್ಟೆಗಲ್ಲುಗಳಿವೆ. ಅವುಗಳೊಳಗಿನ ಆಮ್ಲಜನಕದಲ್ಲಿ ಒಂದಿಷ್ಟಾದರೂ ಆ ಜೀವಿಗಳಿಂದ ಬಂದದ್ದೆಂದು ಎಷ್ಟೋ ಭೂವಿಜ್ಞಾನಿಗಳ ಎಣಿಕೆ. ಇಂಥ ಅದಿರನ್ನು ಚೆನ್ನಾಗಿ ಕಾಯಿಸಿ ಕಲ್ಲಿದ್ದಲಿನ ಬದಲು ಜಲಜನಕವನ್ನು ಹಾಯಿಸಿದರೆ, ಅಷ್ಟು ಕಾಲ ಕಬ್ಬಿಣಕ್ಕೆ ಕಟ್ಟುಬಿದ್ದಿದ್ದ ಆಮ್ಲಜನಕ ಬಿಡಿಸಿಕೊಂಡು ತನ್ನ ಹಳೆಯ ಜತೆಯನ್ನು ಕೂಡುತ್ತದೆ, ಉಗಿಯಾಗಿ ಹೊರಬರುತ್ತದೆ. ಬೂದುಬಣ್ಣದ, ತೂತುತೂತಾದ ಕಬ್ಬಿಣ ಉಳಿಯುತ್ತದೆ. ಪಕ್ಕದ ತೋರಣಗಲ್ಲಿನ ಉಕ್ಕಿನ ಆವರಣದಲ್ಲೂ ಈಗ ಹಸಿರು ಜಲಜನಕದ ಮಾತು ಕೇಳಿಬರುತ್ತಿದೆ. ಆ ಬಿಸಿಲುಸೀಮೆಯಲ್ಲಿ ಒಂದು ಕಿಲೋಗೆ ಒಂಬತ್ತು ಲೀಟರ್ ನೀರು ಎಂಬುದೂ ಸಣ್ಣ ಮಾತೇನಲ್ಲ.