ನೋವಿಲ್ಲದ ರೋಗಕ್ಕೆ ನೇಮವೇ ಕಾವಲು

ಕಾಯವಿಲ್ಲದೆ ಕಾಯಕವು ನಡೆಯದು. ಕಾಯಕವು ನಡೆಯದಿದ್ದರೆ ದಾಸೋಹಕ್ಕೆ ದಾರಿಯಿಲ್ಲ. ಆದುದರಿಂದಲೇ ಶರಣರು ಶರೀರವನ್ನು ಹೇಯವೆಂದು ತಿರಸ್ಕರಿಸಲಿಲ್ಲ. ಲಿಂಗಕ್ಕೆ ನೆಲೆಯಾದ ಸ್ಥಾನವೆಂದು ಗೌರವಿಸಿದರು. ಆ ಶರಣಸಮೂಹದಲ್ಲಿ ವೈದ್ಯ ಸಂಗಣ್ಣನೆಂಬುವನೂ ಒಬ್ಬನು. ರೋಗಿಗಳಿಗೆ ಚಿಕಿತ್ಸೆ ಮಾಡುವುದೇ ಅವನ ಕಾಯಕ. ವೈದ್ಯಶಾಸ್ತ್ರದ ಪರಿಭಾಷೆಯಲ್ಲಿಯೇ ಅವನು ಅನುಭಾವವನ್ನು ನುಡಿದನು. ಔಷಧವನ್ನು ಕೊಡುವುದು ಸತ್ಯಕಾಯಕವಾಗಿರುವಾಗ, ಅದನ್ನು ಸಕಾಲದಲ್ಲಿ ಸೇವಿಸುವುದು ಭಕ್ತಿಗೆ ಕುಂದೆಂದು ಹೇಗೆ ಹೇಳಲಾದೀತು?

ರೋಗಗಳಲ್ಲಿ ಎರಡು ಬಗೆಯುಂಟು. ಜ್ವರ, ಹಲ್ಲುನೋವು, ಹೊಟ್ಟೆಶೂಲೆಗಳು ಬಾಗಿಲು ಬಡಿದು ಕೂಗುವ ರೋಗಗಳು. ಅವು ಬಂದ ದಿನವೇ ಮನುಷ್ಯನು ವೈದ್ಯನಲ್ಲಿಗೆ ಓಡುವನು. ಇನ್ನು ಕೆಲವು ಕಳ್ಳನಂತೆ ಸದ್ದಿಲ್ಲದೆ ಒಳಹೊಗುವವು. ರಕ್ತದೊತ್ತಡವೂ ಮಧುಮೇಹವೂ ಈ ಎರಡನೆಯ ಬಗೆಗೆ ಸೇರಿದವು. ಇವು ದೇಹದಲ್ಲಿ ನೆಲೆಸಿ ವರ್ಷಗಳು ಕಳೆದರೂ ಬಹುಮಂದಿಗೆ ನೋವೆಂಬುದೇ ಇರುವುದಿಲ್ಲ. "ನನಗೇನಾಗಿದೆ? ಹೊಲಕ್ಕೆ ಹೋಗುತ್ತೇನೆ, ಹೊಟ್ಟೆ ತುಂಬ ಉಣ್ಣುತ್ತೇನೆ, ನಿದ್ದೆಯೂ ಬರುತ್ತದೆ" ಎಂದು ಗೃಹಸ್ಥನು ನಿಶ್ಚಿಂತನಾಗಿರುವನು. ಅಷ್ಟರಲ್ಲಿ ಮಿದುಳು, ಹೃದಯ, ಮೂತ್ರಪಿಂಡ, ಕಣ್ಣು ಇವುಗಳ ರಕ್ತನಾಳಗಳು ಒಳಗೊಳಗೇ ಕೆಡುತ್ತ ಬರುವುವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾಸಮೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆಯೆಂದೂ, 100 ಮಂದಿ ವಯಸ್ಕರಲ್ಲಿ ಸುಮಾರು 35 ಮಂದಿಗೆ ರಕ್ತದೊತ್ತಡವಿದೆಯೆಂದೂ ಅದು ತಿಳಿಸಿತು. ಇದು ಪರರ ಮನೆಯ ಮಾತಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ನೋವು ತಿಳಿಸದುದನ್ನು ಅಳತೆಯಿಂದಲೇ ತಿಳಿಯಬೇಕು. ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡವನ್ನು ಅಳೆಯುವ ಉಪಕರಣವನ್ನು ಇಟಲಿಯ ರಿವಾ ರೋಚಿ ಎಂಬ ವೈದ್ಯನು 1896ರಲ್ಲಿ ರಚಿಸಿದನು. ನಾಳದ ಸದ್ದನ್ನು ಆಲಿಸಿ ಮೇಲಿನ ಮತ್ತು ಕೆಳಗಿನ ಅಂಕೆಗಳೆರಡನ್ನೂ ಗುರುತಿಸುವ ಕ್ರಮವನ್ನು ರಷ್ಯದ ಕೊರೊಟ್ಕಾಫನು 1905ರಲ್ಲಿ ತೋರಿಸಿದನು. ಮೇಲಿನ ಅಂಕೆ 140, ಅಥವಾ ಕೆಳಗಿನ ಅಂಕೆ 90, ಅಥವಾ ಅದಕ್ಕೂ ಮೇಲೆ ಬೇರೆ ಬೇರೆ ದಿನಗಳಲ್ಲಿ ಕಂಡುಬಂದರೆ ಅದನ್ನು ರೋಗವೆಂದು ಎಣಿಸುವರು. ಅಳೆಯಿಸುವ ಮುನ್ನ ಅರ್ಧ ಗಂಟೆ ಕಾಫಿ, ಚಹ, ತಂಬಾಕುಗಳನ್ನು ಮುಟ್ಟದೆ, ಐದು ನಿಮಿಷ ಶಾಂತವಾಗಿ ಕುಳಿತಿರಬೇಕು, ಅಳೆಯುವಾಗ ಮಾತನಾಡಕೂಡದು. ಬರಿಹೊಟ್ಟೆಯ ರಕ್ತದಲ್ಲಿ ಸಕ್ಕರೆಯ ಪ್ರಮಾಣ 126 ಮಿಲಿಗ್ರಾಂ ಅಥವಾ ಅದಕ್ಕೂ ಮಿಗಿಲಾಗಿ ಮರಳಿ ಕಂಡರೆ ಅದು ಮಧುಮೇಹ. ಮೂವತ್ತು ವರ್ಷ ದಾಟಿದ ಸ್ತ್ರೀಪುರುಷರೆಲ್ಲರೂ ವರ್ಷಕ್ಕೊಮ್ಮೆಯಾದರೂ ಇವೆರಡನ್ನೂ ನೋಡಿಸಿಕೊಳ್ಳತಕ್ಕದ್ದು. ಸರ್ಕಾರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ಅನುಕೂಲವುಂಟು.

ಅಳತೆಯಾದ ಮೇಲೆ ಬರುವುದು ಮಿತಿ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಲಕ್ಕಮ್ಮನು ಹೇಳಿದಳೆಂಬ ಪ್ರಸಂಗ ಭಕ್ತರಿಗೆಲ್ಲ ತಿಳಿದುದೇ. ಮನೆಯೊಳಗೆ ಮಿತಿಯನ್ನು ಕಾಯ್ದ ಆ ತಾಯಿಯ ಕಣ್ಣು ಇಂದಿನ ಅಡಿಗೆಮನೆಗೆ ಅತ್ಯವಶ್ಯ. ಒಬ್ಬ ವಯಸ್ಕನಿಗೆ ದಿನಕ್ಕೆ 5 ಗ್ರಾಂ ಉಪ್ಪು, ಎಂದರೆ ಒಂದು ಚಿಕ್ಕ ಚಮಚದಷ್ಟು, ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು. ಸಾರು, ಪಲ್ಯ, ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಖಾರದ ತಿನಿಸು ಎಲ್ಲವೂ ಈ ಒಂದು ಚಮಚದೊಳಗೇ ಅಡಗಬೇಕು. ಗೃಹಿಣಿಯರಿಗೆ ಸುಲಭವಾದ ಲೆಕ್ಕವೊಂದುಂಟು: ನಾಲ್ವರು ವಯಸ್ಕರಿರುವ ಮನೆಯಲ್ಲಿ ಒಂದು ಕಿಲೋ ಉಪ್ಪು 50 ದಿನಕ್ಕಿಂತ ಮೊದಲೇ ಮುಗಿದರೆ ಮಿತಿ ಮೀರಿದೆಯೆಂದೇ ತಿಳಿಯಬೇಕು. ಉಪ್ಪನ್ನು ಒಮ್ಮೆಗೇ ಬಿಡಬೇಕಾಗಿಲ್ಲ. ವಾರವಾರಕ್ಕೆ ಸ್ವಲ್ಪಸ್ವಲ್ಪವಾಗಿ ಇಳಿಸಿದರೆ ನಾಲಗೆಯೇ ಹೊಂದಿಕೊಳ್ಳುವುದು.

ಮಧುಮೇಹದ ವಿಷಯವೂ ಹೀಗೆಯೇ. ಹುಟ್ಟಿನೊಡನೆ ಬರುವ ಪ್ರಮೇಹ, ಅಪಥ್ಯದಿಂದ ಬರುವ ಪ್ರಮೇಹ ಎಂದು ಸುಶ್ರುತನು ಎರಡು ಭೇದಗಳನ್ನು ಹೇಳಿ, ಎರಡನೆಯದಕ್ಕೆ ವ್ಯಾಯಾಮವನ್ನೂ ನಡಿಗೆಯನ್ನೂ ವಿಧಿಸಿದನು. ಇಂದಿನ ವೈದ್ಯರೂ ಅದನ್ನೇ ವಿಧಿಸುವರು: ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ ಬಿರುನಡಿಗೆ. ರಂಟೆ ಹೊಡೆಯುವವನಿಗೆ ಕಾಯಕವೇ ವ್ಯಾಯಾಮ; ಆದರೆ ಗಲ್ಲೆಯ ಮುಂದೆ, ಕಡತಗಳ ಮುಂದೆ ಕುಳಿತೇ ಕಾಯಕ ಮಾಡುವವನು ನಡಿಗೆಗೆ ಬೇರೆ ವೇಳೆಯನ್ನು ಮೀಸಲಿಡಬೇಕು. ಜೋಳವೂ ರಾಗಿಯೂ ಒಳ್ಳೆಯ ಧಾನ್ಯಗಳೇ. ಆದರೆ ಮಿತಿಮೀರಿ ಉಂಡರೆ ಅವೂ ಸಕ್ಕರೆಯನ್ನು ಏರಿಸುವುವು. ತಾಟಿನ ಅರ್ಧದಷ್ಟು ಕಾಯಿಪಲ್ಲೆ, ಸೊಪ್ಪುಗಳಿರಲಿ. ಸಕ್ಕರೆಯ ಬದಲು ಬೆಲ್ಲವಾದರೆ ಬಾಧೆಯಿಲ್ಲವೆಂಬುದು ಭ್ರಮೆ. ಬೀಡಿ, ಗುಟಕಾ, ತಂಬಾಕು ಸೇರಿದ ಎಲೆಯಡಿಕೆ, ಮದ್ಯ ಇವುಗಳ ಮಾತನ್ನು ಭಕ್ತನಿಗೆ ಮರಳಿ ಹೇಳುವ ಅಗತ್ಯವಿಲ್ಲ.

ಮಿತಿಯಾದ ಮೇಲೆ ನೇಮ. ಬಹುಮಂದಿ ಎಡವುವುದು ಇಲ್ಲಿಯೇ. ವೈದ್ಯನು ಕೊಟ್ಟ ಗುಳಿಗೆಯನ್ನು ಒಂದೆರಡು ತಿಂಗಳು ನುಂಗಿದ ಮೇಲೆ ಅಂಕೆ ಇಳಿಯುವುದು. ಒಡನೆಯೇ "ರೋಗ ಹೋಯಿತು" ಎಂದು ಗುಳಿಗೆಯನ್ನು ನಿಲ್ಲಿಸುವರು. ಅಂಕೆ ಇಳಿದುದು ಗುಳಿಗೆಯ ಬಲದಿಂದ. ಅದನ್ನು ಬಿಟ್ಟರೆ ಒತ್ತಡವು ಮತ್ತೆ ಏರುವುದು. ಏರಿದಾಗಲೂ ನೋವಿರುವುದಿಲ್ಲವಾದುದರಿಂದ ಏರಿದುದೇ ತಿಳಿಯದು. ಇಷ್ಟಲಿಂಗಪೂಜೆಯನ್ನು ಭಕ್ತನು ಸಂಕಟ ಬಂದ ದಿನ ಮಾತ್ರ ಮಾಡುವನೇ? ಮನಸ್ಸು ಪ್ರಸನ್ನವಾಗಿದೆಯೆಂದು ಒಂದು ದಿನ ಬಿಡುವನೇ? ಪೂಜೆಯಂತೆ ಔಷಧಕ್ಕೂ ನಿಯತಕಾಲವಿರಲಿ. ಮುಂಜಾನೆಯ ಪೂಜೆಯೊಡನೆ ಅದನ್ನು ಜೋಡಿಸಿಕೊಂಡರೆ ಮರೆವು ಬಾರದು. ಶರಣರ ಗೋಷ್ಠಿಯಲ್ಲಿ ಮೈಮರೆತ ಮಾರಯ್ಯನಿಗೆ, ನಿಂತುಹೋದ ಕಾಯಕವನ್ನು ನೆನಪಿಸಿದವಳೂ ಲಕ್ಕಮ್ಮನೇ. ಸತಿಯು ಪತಿಗೆ, ಪತಿಯು ಸತಿಗೆ, ಮಕ್ಕಳು ತಂದೆತಾಯಿಗಳಿಗೆ ಹಾಗೆಯೇ ನೆನಪಿಸಬೇಕು. ನೆನಪಿಸಿದವರ ಮೇಲೆ ಸಿಡುಕಕೂಡದು. ಗುಳಿಗೆಯಿಂದ ಬಾಧೆಯೆನಿಸಿದರೆ ತಾನಾಗಿ ನಿಲ್ಲಿಸದೆ ವೈದ್ಯನಿಗೆ ಹೇಳಿದರೆ ಅವನು ಬೇರೊಂದನ್ನು ಕೊಡುವನು. ನೆರೆಮನೆಯವರ ಗುಳಿಗೆಯನ್ನು ತಾನು ನುಂಗುವುದಂತೂ ಸರ್ವಥಾ ಸಲ್ಲದು.

ಗಿಡಮೂಲಿಕೆಯಾದರೆ ನಿರಪಾಯವೆಂದು ಕೆಲವರು ವಾದಿಸುವುದುಂಟು. ನಮ್ಮ ನಾಡಿನ ಸರ್ಪಗಂಧಿಯ ಬೇರು ರಕ್ತದೊತ್ತಡವನ್ನು ಇಳಿಸುವುದೆಂದು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ಪ್ರಕಟಿಸಿದ ಲೇಖನವು ಜಗತ್ತಿನ ವೈದ್ಯರ ಗಮನವನ್ನು ಸೆಳೆದುದು ನಿಜ. ಆದರೆ ಅದೇ ಬೇರಿನ ಸಾರವು ಕೆಲವರಲ್ಲಿ ತೀವ್ರವಾದ ಮನೋಗ್ಲಾನಿಯನ್ನು ಉಂಟುಮಾಡಬಲ್ಲದೆಂದೂ ಮುಂದೆ ತಿಳಿದುಬಂದಿತು. ಗುಣವುಳ್ಳ ಮೂಲಿಕೆಗೆ ದೋಷವೂ ಇರಬಲ್ಲದು. ಪ್ರಮಾಣವನ್ನರಿತ ವೈದ್ಯನ ಕೈಯಿಂದ ಬಂದುದು ಔಷಧ. ಸಂತೆಯಲ್ಲಿ ಕೊಂಡ ಹೆಸರಿಲ್ಲದ ಪುಡಿ ಔಷಧವಲ್ಲ.

ವ್ರತನಿಷ್ಠರು ವಿಶೇಷವಾಗಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು ಉಪವಾಸ. ಮಧುಮೇಹಕ್ಕೆ ಗುಳಿಗೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ಶಿವರಾತ್ರಿಯಂದು ನಿರಾಹಾರವಾಗಿದ್ದರೆ ರಕ್ತದ ಸಕ್ಕರೆಯು ಅಪಾಯಕರವಾಗಿ ಇಳಿಯಬಹುದು. ಆದುದರಿಂದ ಉಪವಾಸಕ್ಕೆ ಮೊದಲೇ ವೈದ್ಯನನ್ನು ಕೇಳತಕ್ಕದ್ದು. ಬೆವರು, ನಡುಕ, ಕಣ್ಣು ಕತ್ತಲೆ, ಮಾತಿನ ತಡವರಿಕೆ ಕಂಡೊಡನೆ ಮೂರು ಚಿಕ್ಕ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು; ವ್ರತಭಂಗದ ಭಯ ಬೇಡ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಎರಡನೆಯದು ಪಾದಯಾತ್ರೆ. ಯುಗಾದಿಯ ಮುನ್ನ ಶ್ರೀಶೈಲಕ್ಕೆ ನಡೆದುಹೋಗುವ ಭಕ್ತರು ಉತ್ತರ ಕರ್ನಾಟಕದಲ್ಲಿ ಬಹುಮಂದಿಯುಂಟು. ಅವರಲ್ಲಿ ಬರಿಗಾಲಿನಲ್ಲಿ ನಡೆಯುವವರೂ ಉಂಟು. ಬಹುಕಾಲದ ಮಧುಮೇಹವು ಪಾದದ ಸ್ಪರ್ಶಜ್ಞಾನವನ್ನೇ ಕಳೆಯಬಲ್ಲದು. ಮುಳ್ಳು ಚುಚ್ಚಿದುದೂ ಕಾದ ಕಲ್ಲು ಸುಟ್ಟುದೂ ಅಂಥವರಿಗೆ ತಿಳಿಯದು. ಗಾಯವು ಕೊಳೆತು ಕಾಲನ್ನೇ ಕಡಿಯಬೇಕಾದ ಪ್ರಸಂಗವೂ ಬರುವುದು. ಅಂಥವರು ಪಾದರಕ್ಷೆಯನ್ನು ಧರಿಸಿಯೇ ನಡೆಯಲಿ. ಪ್ರತಿರಾತ್ರಿ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳಲಿ. ಮಲ್ಲಯ್ಯನು ಭಕ್ತನ ಭಾವವನ್ನು ನೋಡುವನಲ್ಲದೆ ಅಂಗಾಲಿನ ಗಾಯವನ್ನು ಕಾಣಿಕೆಯಾಗಿ ಬೇಡನು.

ಇಷ್ಟಾದರೂ ಲಕ್ವ ಹೊಡೆಯುವ ಸಂಭವವುಂಟು. ಮುಖದ ಒಂದು ಪಕ್ಕ ಜೋಲುವುದು, ಒಂದು ಕೈ ಮೇಲೇಳದಿರುವುದು, ಮಾತು ತೊದಲುವುದು ಇವು ಹಠಾತ್ತಾಗಿ ಕಂಡರೆ ಕ್ಷಣವೂ ತಡೆಯಕೂಡದು. ಎಣ್ಣೆ ತಿಕ್ಕುವುದರಲ್ಲಿಯೂ ಯಂತ್ರ ಕಟ್ಟಿಸುವುದರಲ್ಲಿಯೂ ಅಮೂಲ್ಯವಾದ ಗಂಟೆಗಳನ್ನು ಕಳೆದು, ಜೀವಮಾನವೆಲ್ಲ ಹಾಸಿಗೆ ಹಿಡಿದವರು ಊರೂರಿಗೂ ಇರುವರು. ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವುಂಟು. ಆದರೆ ಅದನ್ನು ನಾಲ್ಕೂವರೆ ಗಂಟೆಯೊಳಗೆ, ತಲೆಯ ಚಿತ್ರವನ್ನು ತೆಗೆದು ನೋಡಿದ ಮೇಲೆಯೇ ಕೊಡಬೇಕು. ಆದುದರಿಂದ 108ಕ್ಕೆ ಕರೆಮಾಡಿ, ಬಾಯಿಗೆ ನೀರನ್ನೂ ಹಾಕದೆ, ದೊಡ್ಡ ಆಸ್ಪತ್ರೆಗೇ ನೇರವಾಗಿ ಸಾಗಿಸತಕ್ಕದ್ದು. ಪ್ರಾರ್ಥನೆಯನ್ನು ಬಂಡಿಯಲ್ಲಿ ಕುಳಿತೂ ಮಾಡಬಹುದು.

ಗೃಹಸ್ಥನೊಬ್ಬನು ಹಾಸಿಗೆ ಹಿಡಿದರೆ ಅವನ ಕಾಯಕವೊಂದೇ ನಿಲ್ಲುವುದಿಲ್ಲ. ಅವನನ್ನು ನೋಡಿಕೊಳ್ಳುವವರ ಕಾಯಕವೂ ನಿಲ್ಲುವುದು, ಮಕ್ಕಳ ಓದು ನಿಲ್ಲುವುದು, ಅತಿಥಿಗೆ ಇಡುವ ತುತ್ತೂ ಕಿರಿದಾಗುವುದು. ಆದುದರಿಂದ ತನ್ನ ಕಾಯವನ್ನು ಕಾಯ್ದುಕೊಳ್ಳುವುದು ಸ್ವಾರ್ಥವಲ್ಲ, ಅದೂ ದಾಸೋಹದ ಒಂದು ಅಂಗ. ವರ್ಷಕ್ಕೊಮ್ಮೆ ಅಳತೆ, ಉಣ್ಣುವಲ್ಲಿ ಮಿತಿ, ಔಷಧದಲ್ಲಿ ನೇಮ ಈ ಮೂರನ್ನು ಸದ್ಭಕ್ತರೆಲ್ಲರೂ ಕೈಕೊಂಡು, ನಿರೋಗಿಗಳಾಗಿ, ಬಹುಕಾಲ ಕಾಯಕನಿರತರಾಗಿ ಬಾಳುವಂತಾಗಲಿ.