ತಕ್ಕಡಿಯಲ್ಲಿಟ್ಟ ಹೃದಯ



ಈಜಿಪ್ಟ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಚಾಟಿ ಹಿಡಿದ ಮೇಸ್ತ್ರಿ, ಬೆನ್ನು ಬಾಗಿದ ಇಸ್ರಯೇಲರು, ಅವರ ಹಿಂದೆ ಪಿರಮಿಡ್. ಧರ್ಮೋಪದೇಶದ ತರಗತಿಯ ಮಕ್ಕಳನ್ನು ಕೇಳಿದರೂ, ಪಿರಮಿಡ್ ಕಟ್ಟಿದವರು ಇಸ್ರಯೇಲರೇ ಎನ್ನುತ್ತಾರೆ.

ಆದರೆ ವಿಮೋಚನಾಕಾಂಡದ ಮೊದಲ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಅಲ್ಲಿ ಪಿರಮಿಡ್ಡಿನ ಮಾತೇ ಇಲ್ಲ. ಇಸ್ರಯೇಲರು ಪಿತೋಮ್ ಮತ್ತು ರಾಮ್ಸೇಸ್ ಎಂಬ ಉಗ್ರಾಣ ನಗರಗಳನ್ನು ಕಟ್ಟಿದರು, ಜೇಡಿಮಣ್ಣು ಇಟ್ಟಿಗೆಗಳ ದುಡಿಮೆಯಲ್ಲಿ ನೊಂದರು ಎಂದಷ್ಟೇ ಇದೆ. ಖುಫು ಅರಸನ ಮಹಾ ಪಿರಮಿಡ್ ಎದ್ದದ್ದು ಕ್ರಿ.ಪೂ. 2600ರ ಆಸುಪಾಸಿನಲ್ಲಿ. ಅನೇಕ ಬೈಬಲ್ ಪಂಡಿತರು ಮೋಶೆಯ ಕಾಲವನ್ನು ಕ್ರಿ.ಪೂ. 13ನೇ ಶತಮಾನದಲ್ಲಿ ಗುರುತಿಸುತ್ತಾರೆ. ನಡುವೆ ಸಾವಿರ ವರ್ಷಕ್ಕೂ ಹೆಚ್ಚಿನ ಅಂತರ!

1990ರಲ್ಲಿ ಗೀಜಾದಲ್ಲಿ ಕುದುರೆಯೊಂದು ಮರಳಿನಡಿಯ ಗೋಡೆಗೆ ಎಡವಿತು. ಅಗೆದು ನೋಡಿದಾಗ ಪಿರಮಿಡ್ ಕಟ್ಟಿದ ಕೆಲಸಗಾರರ ಸಮಾಧಿಗಳು ಸಿಕ್ಕವು. ಅರಸನ ಸಮಾಧಿಯ ಸಮೀಪದಲ್ಲೇ ಅವರಿಗೂ ಗೌರವದ ಸಮಾಧಿ! ಮುರಿದು ಮತ್ತೆ ಕೂಡಿದ ಅವರ ಮೂಳೆಗಳು, ಗಾಯಗೊಂಡವರಿಗೆ ಆರೈಕೆ ಸಿಗುತ್ತಿತ್ತೆಂದು ಹೇಳುತ್ತವೆ. ದುಡಿಮೆ ಕಠಿಣವಾಗಿತ್ತು, ಆದರೆ ದುಡಿದವರು ಆ ನಾಡಿನ ಜನರೇ. ಇದರಿಂದ ಇಸ್ರಯೇಲರ ಕಣ್ಣೀರು ಸುಳ್ಳಾಗುವುದಿಲ್ಲ. ದೇವರ ವಾಕ್ಯಕ್ಕೆ ನಮ್ಮ ಕಲ್ಪನೆಯ ಒಗ್ಗರಣೆ ಬೇಡ, ಅಷ್ಟೆ.

ಈಜಿಪ್ಟಿನವರಿಗೆ ಸಾವಿನದೇ ಚಿಂತೆ ಎಂಬುದು ಇನ್ನೊಂದು ನಂಬಿಕೆ. ಅವರ ಮನೆಯೊಳಗೂ ಸ್ವಲ್ಪ ಇಣುಕೋಣ. ಅಲ್ಲಿ ಹೆಂಗಸರಿಗೆ ಸ್ವಂತ ಆಸ್ತಿ ಇರುತ್ತಿತ್ತು. ಅದನ್ನು ತಮಗೆ ಬೇಕಾದವರಿಗೆ ಕೊಡುವ ಹಕ್ಕೂ ಇತ್ತು. ಕ್ರಿ.ಪೂ. 1145ರ ಸುಮಾರಿಗೆ ನೌನಖ್ತೆ ಎಂಬ ತಾಯಿ ನ್ಯಾಯಸಭೆಯ ಮುಂದೆ ನಿಂತು ಉಯಿಲು ಬರೆಸಿದಳು. ಎಂಟು ಮಕ್ಕಳನ್ನು ಸಾಕಿ, ಸಂಸಾರಕ್ಕೆ ಬೇಕಾದ್ದನ್ನು ಕೊಟ್ಟು ನೆಲೆಗೊಳಿಸಿದವಳು ಆಕೆ. ಮುಪ್ಪಿನಲ್ಲಿ ಕೆಲವರು ಅವಳತ್ತ ತಿರುಗಿಯೂ ನೋಡಲಿಲ್ಲ. ಕೈಹಿಡಿದವರಿಗೆ ಮಾತ್ರ ನನ್ನ ಪಾಲು ಎಂದಳು. ಒಬ್ಬ ಮಗನಿಗೆ ಹೆಚ್ಚಿನದಾಗಿ ಒಂದು ಕಂಚಿನ ಪಾತ್ರೆಯನ್ನೂ ಕೊಟ್ಟಳು. ಆ ಕಾಗದ ಇಂದಿಗೂ ಆಕ್ಸ್‌ಫರ್ಡಿನ ವಸ್ತುಸಂಗ್ರಹಾಲಯದಲ್ಲಿದೆ. ಮೂರು ಸಾವಿರ ವರ್ಷ ಕಳೆದರೂ ಆ ತಾಯಿಯ ನೋವು ಹಳತಾಗಿದೆಯೇ? ನಮ್ಮ ಮನೆಯ ಹಿರಿಯರನ್ನು ಕೇಳೋಣ.

ಸತ್ತ ಮೇಲೆ ಮನುಷ್ಯನ ಹೃದಯವನ್ನು ತಕ್ಕಡಿಯಲ್ಲಿಟ್ಟು, ಸತ್ಯದ ಗರಿಯೊಂದಕ್ಕೆ ಎದುರಾಗಿ ತೂಗುತ್ತಾರೆಂದು ಅವರು ನಂಬಿದ್ದರು. ಅದಕ್ಕೇ ಶವವನ್ನು ಕೆಡದಂತೆ ಕಾಪಾಡುವಾಗ ಮಿದುಳನ್ನು ಹೊರತೆಗೆದು ಬಿಸಾಡಿದರೂ, ಹೃದಯವನ್ನು ಮಾತ್ರ ದೇಹದಲ್ಲೇ ಉಳಿಸುತ್ತಿದ್ದರು. ಆದರೂ ಅವರಿಗೆ ಭಯ. ಹೃದಯವೇ ತಮ್ಮ ವಿರುದ್ಧ ಸಾಕ್ಷಿ ನುಡಿಯಬಾರದೆಂಬ ಮಂತ್ರವನ್ನು ಜೀರುಂಡೆಯಾಕಾರದ ಕಲ್ಲಿನ ಮೇಲೆ ಕೆತ್ತಿ ಶವದ ಎದೆಯ ಮೇಲಿಡುತ್ತಿದ್ದರು.

ಪ್ರಿಯರೇ, ಅವರನ್ನು ನೋಡಿ ನಗುವ ಮುನ್ನ ನಮ್ಮನ್ನು ನೋಡಿಕೊಳ್ಳೋಣ. ಭಾನುವಾರದ ಪೂಜೆ, ಹಬ್ಬದ ಕಾಣಿಕೆ, ಕೊರಳಿನ ಜಪಸರ, ಇವನ್ನು ನಾವೂ ಹೃದಯದ ಬಾಯಿ ಮುಚ್ಚಿಸುವ ಕಲ್ಲಾಗಿ ಮಾಡಿಕೊಂಡಿಲ್ಲವೇ? ಹಿಂದಿನ ಕೋಣೆಯಲ್ಲಿ ಮಲಗಿರುವ ಅಮ್ಮನನ್ನು ವಿಚಾರಿಸದೆ, ಮುಂದಿನ ಕೋಣೆಯಲ್ಲಿ ಜಪಸರ ಹೇಳಿದರೆ ಫಲವೇನು? ಹಸಿದವರಿಗೆ, ರೋಗಿಗಳಿಗೆ ಮಾಡಿದ್ದನ್ನೇ ಸ್ವಾಮಿ ತೀರ್ಪಿನ ದಿನ ಲೆಕ್ಕಕ್ಕೆ ಹಿಡಿಯುವರೆಂದು ಮತ್ತಾಯನ ಶುಭಸಂದೇಶ ಕಲಿಸುತ್ತದೆ.

ಹೃದಯದ ಬಾಯಿ ಮುಚ್ಚಿಸುವ ಮಂತ್ರ ನಮಗೆ ಬೇಕಿಲ್ಲ. ಅದು ಬಾಯಿಬಿಟ್ಟು ಹೇಳಿದ್ದನ್ನು ಕೇಳಿ ಕ್ಷಮಿಸುವ ತಂದೆ ನಮಗಿದ್ದಾರೆ, ಪಾಪನಿವೇದನೆಯ ಸಂಸ್ಕಾರವಿದೆ. ಈ ವಾರವೇ ಹೋಗೋಣ. ಅದಕ್ಕೂ ಮೊದಲು ಅಮ್ಮನ ಬಳಿ ಅರ್ಧ ಗಂಟೆ ಕೂರೋಣ.

ಕಂದ ಯೇಸುವಿಗೆ ಈಜಿಪ್ಟಿನಲ್ಲಿ ಆಸರೆ ಕೊಡಿಸಿದ ದೇವರು ನಮ್ಮ ಕುಟುಂಬಗಳನ್ನು ಹರಸಲಿ.